ಸುಂದ್ರಿ ಈದ ಮಳೆಗಾಲ

ಮೊನ್ನೆ ಕೆಲಗೇರಿಯ ಓಣಿಯಲ್ಲಿ ನಡೆಯುವಾಗ ಯಾರದೋ ಕೊಟ್ಟಿಗೆಯಿಂದ ಸುಣ್ಣ ಮತ್ತು ಫಿನೈಲಿನ ವಾಸನೆ ಬಂತು. ಮಳೆ ಆಗಷ್ಟೇ ನಿಂತಿತ್ತು. ಒದ್ದೆ ಸಗಣಿ, ನೆನೆದ ಮೇವು, ಅದರ ಮೇಲೆ ಆ ಸುಣ್ಣ. ಆರತಿ, ನೀನು ಮೂಗು ಮುಚ್ಚಿಕೊಂಡೆ. ಬಸು ಓಡಿಯೇ ಹೋದ. ನಾನು ಗೋಡೆ ಹಿಡಿದು ನಿಂತುಬಿಟ್ಟೆ. "ಅಜ್ಜಿ, ಕಾಲು ನೋಯಾಕತ್ತಾವೇನು?" ಎಂದು ನೀನು ಕೇಳಿದಾಗ ಹೂಂ ಅಂದೆ. ಕಾಲು ನೋಯುತ್ತಿರಲಿಲ್ಲ. ನೀವಿಬ್ಬರೂ ಹುಟ್ಟುವ ಮುಂಚಿನ ಒಂದು ಮಳೆಗಾಲದಲ್ಲಿ ನಾನು ನಿಂತಿದ್ದೆ.

ಅದನ್ನು ಬಾಯಿಯಿಂದ ಹೇಳಲು ಹೋದರೆ ನನಗೆ ಅರ್ಧಕ್ಕೆ ನಿಲ್ಲುತ್ತದೆ. ನಾಲ್ಕು ಜನ ಮುಖ ನೋಡಿದರೆ ಸಾಕು, ನನ್ನ ಮಾತು ಸೆರಗಿನೊಳಗೆ ಹೊಕ್ಕುಬಿಡುತ್ತದೆ, ನಿಮಗೆ ಗೊತ್ತೇ ಇದೆ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲ. ಹಳ್ಳಿಯ ಸಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತದ್ದು ಇಂಥ ಕೆಲಸಕ್ಕೆ ಸಾಕಾಗುತ್ತದೆ ಎಂದುಕೊಂಡಿದ್ದೇನೆ.

ಈಗ ನಾವೆಲ್ಲ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿದ್ದೇವೆ, ಹಾಲು ಪಾಕೀಟಿನಲ್ಲಿ ಬರುತ್ತದೆ. ಆಗ ನಾನು ಧಾರವಾಡದ ಪಕ್ಕದ ಕೆಲಗೇರಿಯಲ್ಲಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲಿನ ದಿನಗಳವು. ನಿಮ್ಮ ಅವ್ವ ಕಾಲೇಜಿಗೆ ಹೋಗುತ್ತಿದ್ದಳು. ಒಂದೇ ಅಂಗಳದ ಆಚೆ ಬದಿಗೆ ನೀಲವ್ವನ ಮನೆ. ನೀಲವ್ವ ನನ್ನ ನೆಗೆಣ್ಣಿ, ನಿಮ್ಮ ಅಜ್ಜನ ಅಣ್ಣನ ಹೆಂಡತಿ. ನನಗಿಂತ ಬಹಳ ದೊಡ್ಡವಳು. ಎತ್ತರದ ಆಳು, ಎತ್ತರದ ದನಿ. ಅವಳ ಮೂಗಿನ ಮೇಲೆ ಒಂದು ದೊಡ್ಡ ಕೆಂಪು ಹರಳಿನ ಮೂಗುಬೊಟ್ಟು. ಅವಳು ಮಾತಾಡುವಾಗ ನಾನು ಕಣ್ಣು ನೋಡುತ್ತಿರಲಿಲ್ಲ, ಆ ಹರಳನ್ನೇ ನೋಡುತ್ತಿದ್ದೆ. ಅಷ್ಟು ಹೆದರಿಕೆ.

ಇಬ್ಬರದೂ ಕೂಡಿ ಒಂದೇ ಕೊಟ್ಟಿಗೆ. ನೀಲವ್ವನವು ಮೂರು ಎಮ್ಮೆ: ಗೌರಿ, ಕಾಶಿ, ಮತ್ತೆ ಹಾಲು ಬತ್ತಿಹೋದ ಒಂದು ಮುದಿ ಎಮ್ಮೆ. ಅದಕ್ಕೆ ಮುದುಕಿ ಅಂತಲೇ ಹೆಸರು. ನನ್ನದು ಒಂದೇ, ಸುಂದ್ರಿ. ನಮ್ಮ ಕಡೆಯ ಎಮ್ಮೆಗಳಿಗೆ ಕುಡುಗೋಲಿನ ಹಾಗೆ ಹಿಂದಕ್ಕೆ ಬಾಗಿದ ಕೋಡು ಇರುತ್ತವಲ್ಲ, ಸುಂದ್ರಿಯವು ಹೆಗಲನ್ನೇ ಮುಟ್ಟುತ್ತಿದ್ದವು. ಹಾಲೆಲ್ಲ ಧಾರವಾಡದ ಪೇಡೆ ಮಾಡುವವರ ಮನೆಗೆ. ನನ್ನ ಮನೆ ನಡೆಯುತ್ತಿದ್ದದ್ದು ಸುಂದ್ರಿಯ ಮೇಲೆ.

ನಮ್ಮ ಓಣಿಯಲ್ಲಿ ಒಂದು ಪದ್ಧತಿ ಇತ್ತು. ಮಳೆಗಾಲಕ್ಕೆ ಮುಂಚೆ ಧಾರವಾಡದ ದನದ ದವಾಖಾನೆಯಿಂದ ದನಗಳಿಗೆ ರೋಗ ಬಾರದಂತೆ ಸೂಜಿ ಹಾಕುವ ಜೀಪು ಬರುತ್ತಿತ್ತು. ಜೀಪಿನ ಸಪ್ಪಳ ಕೇಳಿದ್ದೇ ತಡ, ಓಣಿಯ ಹಾಲು ಕೊಡುವ ಎಮ್ಮೆಗಳೆಲ್ಲ ಒಮ್ಮೆಲೇ ಕೆರೆಗೆ ಇಳಿಯುತ್ತಿದ್ದವು! ಸೂಜಿ ಹಾಕಿಸಿದರೆ ಕುತ್ತಿಗೆ ಬಾತು ಕೆಲವು ದಿನ ಹಾಲು ಕಡಿಮೆಯಾಗುತ್ತದೆ, ಪೇಡೆಯವರು ಮುಖ ಸಿಂಡರಿಸುತ್ತಾರೆ. ಹಾಗಾಗಿ ಡಾಕ್ಟರರು ಬಂದಾಗ ಕೊಟ್ಟಿಗೆಯಲ್ಲಿ ಮುದಿಯವು, ಕುಂಟುವವು ಮಾತ್ರ ಇರುತ್ತಿದ್ದವು. ನಮ್ಮ ಮುದುಕಿ ವರ್ಷಾ ವರ್ಷಾ ತಪ್ಪದೆ ಸೂಜಿ ಹಾಕಿಸಿಕೊಳ್ಳುತ್ತಿತ್ತು. ಅದಕ್ಕೆ ಓಡಲು ಆಗುತ್ತಿರಲಿಲ್ಲ.

ಆ ವರ್ಷವೂ ನೀಲವ್ವ ಅಂಗಳದಿಂದಲೇ ಕೂಗಿದಳು. "ಏ ಕಮಲೀ, ಸೂಜಿಯವರು ಬಂದಾರ. ಲಗೂ ಬಿಚ್ಚ ನಿನ್ನ ಎಮ್ಮಿ, ಕೆರಿಗೆ ಹೊಡಿ!"

ಸುಂದ್ರಿ ಆಗ ಗಬ್ಬದಲ್ಲಿದ್ದಳು. ಹಾಲು ಬಿಟ್ಟಿದ್ದಳು, ನಡಿಗೆ ಭಾರ. ನಾನು ಕಣ್ಣಿ ಬಿಚ್ಚುವಷ್ಟರಲ್ಲಿ ಬಾಗಿಲಲ್ಲಿ ಡಾಕ್ಟರು ನಿಂತಿದ್ದರು. ಯಾವಾಗಲೂ ಬರುವ ಹಿರಿಯ ಡಾಕ್ಟರರಲ್ಲ, ಒಬ್ಬ ಹೊಸ ಹುಡುಗಿ. ತಲೆಗೆ ದುಪಟ್ಟಾ ಬಿಗಿಯಾಗಿ ಸುತ್ತಿದ್ದಳು, ಕಾಲಿಗೆ ರಬ್ಬರಿನ ಬೂಟು. ಹೆಸರು ರುಬೀನಾ.

ಅವಳು ನನ್ನನ್ನು ಮಾತಾಡಿಸುವ ಮುಂಚೆ ಎಮ್ಮೆಯನ್ನು ಮಾತಾಡಿಸಿದಳು. "ಬಾ ಅಕ್ಕಾ, ಸ್ವಲ್ಪ ನಿಂದ್ರು," ಎಂದು ಸುಂದ್ರಿಯ ಕುತ್ತಿಗೆ ಸವರಿದಳು. ಆಮೇಲೆ ನನ್ನತ್ತ ತಿರುಗಿ, "ಗಬ್ಬದಾಗ ಐತಲ್ರಿ? ಹೆದರಬ್ಯಾಡ್ರಿ, ಏನೂ ಆಗಂಗಿಲ್ಲ. ಹಾಕಲೇನ್ರಿ ಅವ್ವಾರ?" ಅಂದಳು.

ಬೇಡ ಎನ್ನಬೇಕಿತ್ತು. ಬಾಯಿ ಬರಲಿಲ್ಲ. ತಲೆ ಆಡಿಸಿದೆ. ಹೌದೋ ಅಲ್ಲವೋ ನನಗೇ ಗೊತ್ತಿರಲಿಲ್ಲ, ಅವಳು ಹೌದು ಎಂದು ತಿಳಿದಳು. ಸೂಜಿ ಹೋಗಿಯೇಬಿಟ್ಟಿತು.

ಸಂಜೆ ನೀಲವ್ವ ಕೆರೆಯಿಂದ ತನ್ನ ಎರಡು ಎಮ್ಮೆ ಹೊಡೆದುಕೊಂಡು ಬಂದವಳು ಸುಂದ್ರಿಯ ಕುತ್ತಿಗೆ ನೋಡಿ ಹಣೆ ಬಡಿದುಕೊಂಡಳು. "ಬ್ಯಾಡ ಅನ್ನಾಕ ಏನ್ ಧಾಡಿ ಆಗಿತ್ತ ನಿನಗ? ಗಬ್ಬದ ಎಮ್ಮಿಗೆ ಸೂಜಿ! ದಿನ ತುಂಬೂದ್ರಾಗ ಕಂದು ಹಾಕಿದ್ರ ಯಾರ ಮುಂದ ಅಳ್ತಿ?"

ನಾನು ಮೂಗುಬೊಟ್ಟು ನೋಡುತ್ತ ನಿಂತೆ. ಸುಂದ್ರಿಗೆ ಏನೂ ಆಗಲಿಲ್ಲ. ಕುತ್ತಿಗೆಯಲ್ಲಿ ಕಡಲೆಕಾಯಿಯಷ್ಟು ಒಂದು ಗಂಟು ಮಾತ್ರ ಉಳಿಯಿತು.

ಆಮೇಲೆ ಮಳೆ ಹಿಡಿಯಿತು. ಧಾರವಾಡದ ಮಳೆ ಬಡಿಯುವ ಮಳೆಯಲ್ಲ, ಬಿಡದೆ ಜಿಟಿಜಿಟಿ ಸುರಿಯುವ ಮಳೆ. ಬಟ್ಟೆ ಒಣಗುವುದಿಲ್ಲ, ಮೇವು ಒಣಗುವುದಿಲ್ಲ, ಎಮ್ಮೆಯ ಮೈಯೂ ಒಣಗುವುದಿಲ್ಲ. ಕೆರೆ ದಿನಾ ಒಂದಿಷ್ಟು ಓಣಿಯ ಕಡೆಗೆ ಬರುತ್ತಿತ್ತು. ಕೊಟ್ಟಿಗೆಯಲ್ಲಿ ಎಷ್ಟು ಬೂದಿ ಹರಡಿದರೂ ಕೆಸರು. ಎಮ್ಮೆಗಳು ನಡು ಬಗ್ಗಿಸಿ ನಿಂತಿರುತ್ತಿದ್ದವು.

ಅಂಥ ಒಂದು ಮುಂಜಾನೆ ಗೌರಿ ಮೇವು ಮುಟ್ಟಲಿಲ್ಲ. ಬಾಯಿಂದ ಜೊಲ್ಲು ದಾರದ ಹಾಗೆ ನೆಲದವರೆಗೆ ಇಳಿದಿತ್ತು. ಹೊತ್ತು ಏರುವಷ್ಟರಲ್ಲಿ ಗಂಟಲು ಬಾತು ಕಲ್ಲಿನಂತಾಯಿತು. ಉಸಿರು ಗೊರಗೊರ ಅನ್ನತೊಡಗಿತು. ನೀಲವ್ವ ಅರಿಶಿಣ ಕಾಸಿ ಹಚ್ಚಿದಳು, ಬಿಸಿ ಅರಿವೆಯಿಂದ ಕಾವು ಕೊಟ್ಟಳು. ನಾನು ದವಾಖಾನೆಗೆ ಫೋನ್ ಮಾಡಿದೆ. ಡಾಕ್ಟರ್ ರುಬೀನಾ ಮಳೆಯಲ್ಲಿ ಸ್ಕೂಟರಿನ ಮೇಲೆ ಬಂದು ಇಳಿಯುವಾಗ ಗೌರಿ ಕಾಲು ಚಾಚಿದ್ದಳು. ನೀಲವ್ವ ಆ ಕೆಸರಿನಲ್ಲೇ ಕುಳಿತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅಳುತ್ತಿರಲಿಲ್ಲ. ಅದರ ಬಾಯಿಯ ಜೊಲ್ಲನ್ನು ಸೆರಗಿನಿಂದ ಒರೆಸುತ್ತಿದ್ದಳು. ನನಗೆ ಅದನ್ನು ನೋಡಲಾಗಲಿಲ್ಲ.

ಡಾಕ್ಟರು ಗೌರಿಯ ಕಣ್ಣು ಮುಚ್ಚಿಸಿದಳು. ಎದ್ದು ನಿಂತು, "ಇದು ಗಂಟಲುಬ್ಯಾನಿರೀ. ಉಳಿದವನ್ನ ಉಳಿಸಿಕೊಳ್ಳೂನು," ಅಂದಳು. ಆಮೇಲೆ ಅವಳು ಮಾಡಿದ ಕೆಲಸ ಈಗಲೂ ಕಣ್ಣ ಮುಂದಿದೆ. ಗೌರಿಯನ್ನು ಕೆರೆಯಿಂದ ದೂರ ಆಳವಾದ ಗುಂಡಿ ತೋಡಿಸಿ, ಸುಣ್ಣ ಸುರಿಸಿ ಹುಗಿಸಿದಳು. ಕೊಟ್ಟಿಗೆಗೆಲ್ಲ ಸುಣ್ಣ, ಫಿನೈಲು. ಒಂದೊಂದೇ ಎಮ್ಮೆಯ ಜ್ವರ ನೋಡಿದಳು. ಕಾಶಿ ಮೇವು ತಿನ್ನುತ್ತಿತ್ತು, ನೋಡಿದರೆ ಏನೂ ಇಲ್ಲ. ಆದರೂ ಥರ್ಮಾಮೀಟರು ಜ್ವರ ತೋರಿಸಿತು.

"ಈಗ ಸಿಕ್ಕತು, ಛಲೋ ಆತು," ಎಂದು ಅವಳು ಕಾಶಿಯ ಕುತ್ತಿಗೆಯ ನರಕ್ಕೆ ಔಷಧ ಹರಿಸಿದಳು. "ಗಂಟಲು ಬಾತ ಮ್ಯಾಲೆ ನಮ್ಮ ಕೈಯಾಗ ಏನೂ ಉಳಿಯಂಗಿಲ್ರಿ. ಜ್ವರ ಬಂದ ಗಳಿಗ್ಯಾಗ ಹಿಡೀಬೇಕು."

ಮುದುಕಿಗೂ ಸುಂದ್ರಿಗೂ ಜ್ವರವಿರಲಿಲ್ಲ.

ಎಲ್ಲ ಮುಗಿದ ಮೇಲೆ ನಾನು ಚಹಾ ಮಾಡಿ ತಂದೆ. ತಗಡಿನ ಕೆಳಗೆ ಮೂವರೂ ಕುಳಿತೆವು. ನೀಲವ್ವ ಲೋಟ ಮುಟ್ಟಲಿಲ್ಲ. ಡಾಕ್ಟರತ್ತ ತಿರುಗಿ ಕೇಳಿದಳು, "ಎಲ್ಲಿಂದ ಬಂತ್ರಿ ಇದು? ಯಾರ ಕಣ್ಣು ಬಿತ್ತು?"

"ಯಾರ ಕಣ್ಣೂ ಅಲ್ರಿ ದೊಡ್ಡವ್ವಾರ. ಯಾವದರ ಎಮ್ಮಿ ಗಂಟಲಾಗ ಈ ರೋಗಾಣು ಸುಮ್ಮನ ಕುಂತಿರತದ. ಮಳ್ಯಾಗ ನೆನದು ಮೈ ಸೋತಾಗ ಏಳತದ."

"ಮತ್ತ ಎಮ್ಮಿ ಮೈಯಾಗ ಅದನ್ನ ಕೊಲ್ಲೋ ಶಕ್ತಿ ಇರಂಗಿಲ್ಲೇನು?"

"ಇರತದ್ರಿ. ರಕ್ತದಾಗ ರೋಗಾಣು ಹಿಡದು ನುಂಗೂ ಕಣ ಅದಾವ. ಆದ್ರ ಇದು ಕೈಗೆ ಸಿಗಂಗಿಲ್ಲ." ಡಾಕ್ಟರು ಲೋಟ ಕೆಳಗಿಟ್ಟಳು. "ನಮ್ಮಪ್ಪಂದು ಹುಬ್ಬಳ್ಯಾಗ ದುರ್ಗದಬೈಲ್ ಹಿಂದ ಗ್ಯಾರೇಜ್ ಐತ್ರಿ. ಸಣ್ಣಾಕಿ ಇದ್ದಾಗ ಗ್ರೀಸ್ ಡಬ್ಬ್ಯಾಗಿಂದ ಬೋಲ್ಟ್ ತಗದು ಕೊಡು ಅಂತಿದ್ರು. ಹಿಡದ್ರ ಜಾರತಿತ್ತು, ಹಿಡದ್ರ ಜಾರತಿತ್ತು. ಅಪ್ಪ ಬೈಯೋರು, 'ಬರೇ ಕೈಲೆ ಹಿಡೀತಿಯೇನ ಹುಚ್ಚೀ, ಅರಿವಿ ಸುತ್ತಿ ಹಿಡಿ.' ಈ ರೋಗಾಣು ಥೇಟ್ ಹಂಗರಿ. ಮೈತುಂಬ ಒಂದು ಲೋಳಿ ಹೊದಕಿ ಹೊತಗೊಂಡಿರತದ. ಸಕ್ರಿ ಜಾತಿ ಪದಾರ್ಥದ್ದು. ನುಂಗೂ ಕಣ ಬಂದು ಹಿಡದ್ರ ಜಾರಿ ಹೋಗತದ."

"ಸಕ್ರಿ?" ನೀಲವ್ವ ನಂಬಲಿಲ್ಲ. "ವಿಷ ಅನ್ರಿ, ಒಪ್ಪತೇನಿ. ಸಕ್ರಿ ಹೊತಗೊಂಡು ಎಮ್ಮಿ ಕೊಲ್ಲತದಂತ!"

"ಖರೇನರಿ. ನಾವು ಹಾಕೂ ಸೂಜಿ ಅಂದ್ರ ಏನು? ಸತ್ತ ರೋಗಾಣು, ಅದರ ಹೊದಕಿ ಸಮೇತ. ಅದನ್ನ ಮೊದಲ ಒಮ್ಮೆ ತೋರಿಸಿಬಿಟ್ರ ಎಮ್ಮಿ ಮೈ ಕಲೀತದ. ಆ ಹೊದಕಿಗೆ ಸರಿಯಾಗಿ ಅಂಟೂ ಅರಿವಿ ತಯಾರ ಮಾಡಿ ರಕ್ತದಾಗ ಇಟಗೊಂತದ. ನಾಳೆ ಖರೇ ರೋಗಾಣು ಬಂತು, ಅರಿವಿ ಸುತ್ತಿತು, ಹಿಡೀತು, ನುಂಗಿತು. ಬ್ಯಾರೆ ರೋಗಕ್ಕ ಬ್ಯಾರೆ ಹೊದಕಿ, ಬ್ಯಾರೆ ಅರಿವಿ. ಒಂದಕ್ಕ ಮಾಡಿದ್ದು ಇನ್ನೊಂದಕ್ಕ ಬರಂಗಿಲ್ಲ."

ನೀಲವ್ವ ಗೌರಿ ನಿಲ್ಲುತ್ತಿದ್ದ ಗೂಟದ ಕಡೆ ನೋಡಿದಳು. "ಅಂದ್ರ ನನ್ನ ಗೌರಿ ಕೈಯಾಗ ಅರಿವಿ ಇರಲಿಲ್ಲ," ಅಂದಳು.

ಡಾಕ್ಟರು ಅವಳ ಲೋಟವನ್ನು ಹತ್ತಿರಕ್ಕೆ ಸರಿಸಿದಳು. ಕೆರೆಗೆ ಹೊಡೆದದ್ದು ಅವಳಿಗೂ ಗೊತ್ತಿತ್ತು. ಓಣಿಗೆ ಓಣಿಯೇ ಹೊಡೆಯುತ್ತಿತ್ತು. ಆದರೆ ಅವಳು ಒಂದು ಚುಚ್ಚುಮಾತು ಆಡಲಿಲ್ಲ, ಅವತ್ತೂ ಆಡಲಿಲ್ಲ, ಮುಂದೆಯೂ ಆಡಲಿಲ್ಲ. ಅವಳ ವಿದ್ಯೆಗಿಂತ ಮೊದಲು ನನಗೆ ಅವಳ ಈ ಗುಣ ಹಿಡಿಸಿತು.

"ಮುಂಜಾನೆ ಇದ್ದದ್ದು ಸಂಜಿಕ್ಕ ಇಲ್ಲ. ಇಷ್ಟ ಲಗೂ ಹೆಂಗರಿ?" ಈ ಪ್ರಶ್ನೆ ಕೇಳಿದ್ದು ನಾನು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ನೀಲವ್ವ ಕೂಡ ತಿರುಗಿ ನೋಡಿದಳು.

"ಹೊದಕಿ ಕೆಳಗ ಅದರ ತೊಗಲ ಮ್ಯಾಲೆ ಇನ್ನೊಂದು ಪದಾರ್ಥ ಐತ್ರಿ, ಕೊಬ್ಬು ಸಕ್ರಿ ಕೂಡಿದ್ದು. ಅದನ್ನ ಕಂಡ್ರ ಮೈ ಬೆಂಕಿ ಬಿದ್ದಂಗ ಹೌಹಾರತದ. ಸ್ವಲ್ಪ ಇದ್ರ ಅದೂ ಬೇಕ್ರಿ, ಜ್ವರ ಬಂದು ಎಲ್ಲಾ ಕಾವಲು ಎಚ್ಚರ ಆಗತದ. ಆದ್ರ ರೋಗಾಣು ರಾಶಿಗಟ್ಟಲೆ ಆದ್ರ ಮೈಗೆ ತಡಕೊಳ್ಳಾಕ ಆಗಂಗಿಲ್ಲ. ತಾನ ಹಚ್ಚಿದ ಬೆಂಕ್ಯಾಗ ತಾನ ಬೇಯತದ."

ಮಕ್ಕಳೇ, ಅದನ್ನು ಕೇಳಿದಾಗ ನನಗೆ ಏನನ್ನಿಸಿತು ಎಂದು ಹೇಗೆ ಬರೆಯಲಿ? ಕಣ್ಣಿಗೆ ಕಾಣದ ಒಂದು ಜೀವ, ಅದಕ್ಕೂ ಮೈಮೇಲೆ ಹೊದ್ದುಕೊಳ್ಳಲು ಒಂದು ಹೊದಿಕೆ. ಆ ಹೊದಿಕೆಯನ್ನು ಒಮ್ಮೆ ನೋಡಿದರೆ ಮರೆಯದ ಒಂದು ಮೈ. ನಾವು ಮದುವೆ ಮನೆಯಲ್ಲಿ ಸೀರೆಯ ಅಂಚಿನ ದಡಿ ನೋಡಿ ಇವಳು ಇಂಥ ಊರಿನವಳು ಅನ್ನುತ್ತೇವಲ್ಲ, ಸುಂದ್ರಿಯ ರಕ್ತಕ್ಕೆ ಅದಕ್ಕಿಂತ ಸೂಕ್ಷ್ಮವಾದ ಕಣ್ಣಿತ್ತು. ಸಾಲೆಗೆ ಹೋಗದೆ, ಯಾರೂ ಹೇಳಿಕೊಡದೆ ಅದು ಒಳಗೊಳಗೇ ಕಲಿಯುತ್ತಿತ್ತು. ಇಷ್ಟು ವರ್ಷ ನಾನು ಅದರ ಮೈ ತೊಳೆದಿದ್ದೆ, ಉಣ್ಣೆಹುಳ ಕಿತ್ತಿದ್ದೆ, ಕೆಚ್ಚಲು ಹಿಂಡಿದ್ದೆ. ಒಳಗೆ ಇಂಥದೊಂದು ಕಲಿಕೆ ನಡೆದಿರುತ್ತದೆ ಎಂದು ಒಮ್ಮೆಯೂ ಅಂದುಕೊಂಡಿರಲಿಲ್ಲ. ಎದ್ದು ಹೋಗಿ ಅದರ ಕುತ್ತಿಗೆಯ ಗಂಟನ್ನು ಮುಟ್ಟಿದೆ. ಸೂಜಿಯ ಗುರುತು ಎಂದು ಹೆದರಿ ನೋಡುತ್ತಿದ್ದ ಗಂಟು ಅದು.

ಡಾಕ್ಟರು ಹೊರಡುವಾಗ ಸುಂದ್ರಿಯ ಹೊಟ್ಟೆಯ ಮೇಲೆ ಕೈಯಿಟ್ಟು ನಿಂತಳು. "ಇನ್ನ ಭಾಳ ದಿನ ಇಲ್ರಿ. ಒಂದು ಮಾತು ನೆನಪಿಟಗೋರಿ ಅವ್ವಾರ. ಮನುಷಾರ ಕೂಸಿಗೆ ತಾಯಿ ಹೊಟ್ಟ್ಯಾಗ ಇದ್ದಾಗನ ಸ್ವಲ್ಪ ಅರಿವಿ ಸಿಕ್ಕಿರತದ. ಎಮ್ಮಿ ಕರುವಿಗೆ ಏನೂ ಸಿಗಂಗಿಲ್ಲ. ಬರಿಗೈಲೆ ಹುಟ್ಟತದ. ತಾಯಿ ಕಲತದ್ದೆಲ್ಲಾ ಇರೂದು ಮೊದಲನೇ ಹಾಲಿನ್ಯಾಗ. ಅದನ್ನ ಹೀರಿಕೊಳ್ಳೂ ಬಾಗಲಾ ಕರುವಿನ ಕರಳಿನ್ಯಾಗ ಹುಟ್ಟಿದ ಕೆಲವು ತಾಸಷ್ಟ ತೆರದಿರತದ. ಆಮ್ಯಾಲೆ ಕೊಡ ತುಂಬ ಕುಡಿಸಿದ್ರೂ ಬರೇ ಹಾಲು. ರೋಗ ಹೊಕ್ಕ ಕೊಟಗಿ ಇದು. ಈದ ಕೂಡ್ಲೆ ಕುಡಿಸ್ರಿ."

ನಾನು ತಲೆ ಆಡಿಸಿದೆ. ಈ ಸಲ ಹೌದು ಎಂದೇ.

ಕಾಶಿಯ ಜ್ವರ ಇಳಿಯಲು ದಿನಗಳು ಹಿಡಿದವು. ರುಬೀನಾ ಎರಡು ಹೊತ್ತೂ ಬರುತ್ತಿದ್ದಳು. ಬಂದಾಗೊಮ್ಮೆ ಎಮ್ಮೆಗೆ "ಹೆಂಗದಿ ಅಕ್ಕಾ" ಎಂದು ಕೇಳಿ, ಥರ್ಮಾಮೀಟರನ್ನು ತನ್ನ ಅಂಗೈಯಲ್ಲಿ ಬಿಸಿ ಮಾಡಿಕೊಂಡು ಇಡುತ್ತಿದ್ದಳು. ಓಣಿಯ ಉಳಿದ ಮನೆಗಳಿಗೂ ಸೂಜಿ ಹಾಕಲು ಹೋದಳು. ಆ ಸಲ ಯಾರೂ ಕೆರೆಗೆ ಹೊಡೆಯಲಿಲ್ಲ. ನೀಲವ್ವ ಮಾತ್ರ ಮಂಕಾಗಿದ್ದಳು. ನನ್ನನ್ನು ಬೈಯುವುದನ್ನೂ ಬಿಟ್ಟಿದ್ದಳು. ಬೈಸಿಕೊಳ್ಳದೆ ನನಗೆ ದಿನ ಹೋಗುತ್ತಿರಲಿಲ್ಲ.

ಶ್ರಾವಣದ ಒಂದು ಮುಂಜಾನೆ ಸುಂದ್ರಿ ಈದಳು. ನೀಲವ್ವನೇ ಸೀರೆ ಕಚ್ಚೆ ಕಟ್ಟಿ ಕರುವಿನ ಮುಂಗಾಲು ಹಿಡಿದು ಎಳೆದಳು. ಹೆಣ್ಣುಗರು. ಸುಂದ್ರಿ ನೆಕ್ಕಿದಳು. ಅದು ನಡುಗುತ್ತ ಎದ್ದು ನಿಂತು ಬಿತ್ತು, ಮತ್ತೆ ಎದ್ದಿತು. ಕೆಚ್ಚಲು ಹುಡುಕಿ ಮೂಗು ಚಾಚಿದ್ದೇ, ನೀಲವ್ವ ಅದನ್ನು ಎತ್ತಿಕೊಂಡು ಹೋಗಿ ಆಚೆ ಗೂಟಕ್ಕೆ ಕಟ್ಟಿದಳು.

ನಿಮಗೆ ಇದು ಗೊತ್ತಿರಲಿಕ್ಕಿಲ್ಲ. ಕರು ಹುಟ್ಟಿದ ಮೇಲೆ ತಾಯಿಯ ಗರ್ಭದಿಂದ ಹೊರಗೆ ಬೀಳುವ ಚೀಲಕ್ಕೆ ನಮ್ಮಲ್ಲಿ ಕಸ ಅನ್ನುತ್ತಾರೆ. ಕಸ ಬೀಳುವವರೆಗೆ ಕರುವಿಗೆ ಮೊಲೆ ಬಿಡಬಾರದು, ಬಿಟ್ಟರೆ ಕಸ ಮೇಲಕ್ಕೇರಿ ಎಮ್ಮೆ ಸಾಯುತ್ತದೆ ಎಂಬುದು ಓಣಿಯ ಎಲ್ಲರ ನಂಬಿಕೆ. ನಾನೂ ಅಲ್ಲಿಯವರೆಗೆ ಹಾಗೇ ಮಾಡಿದವಳು.

ಕಸ ಬೀಳಲಿಲ್ಲ. ಮಧ್ಯಾಹ್ನವಾಯಿತು. ಕರು ಗೂಟದ ಬಳಿ ಕೂಗಿ ಕೂಗಿ ಸುಮ್ಮನಾಯಿತು. ಅದು ಕೂಗುವಾಗ ಆಗದ ಸಂಕಟ ಅದು ಸುಮ್ಮನಾದಾಗ ಆಯಿತು. ಒಳಗಿನ ಬಾಗಿಲು ಎಷ್ಟು ಮುಚ್ಚಿತೋ! ಒಂದು ಕಡೆ ಬರಿಗೈಲಿ ಹುಟ್ಟಿದ ಕರು, ಇನ್ನೊಂದು ಕಡೆ ನನ್ನ ಮನೆಯ ಆಧಾರವಾದ ಎಮ್ಮೆ. ಡಾಕ್ಟರ ಮಾತು ಸುಳ್ಳಾದರೆ ಎಮ್ಮೆ ಹೋಗುತ್ತದೆ. ನೀಲವ್ವನ ಮಾತು ಸುಳ್ಳಾದರೆ ಕರು ಹೋಗುತ್ತದೆ.

"ಅಕ್ಕಾ," ಅಂದೆ. "ಕರು ಬಿಡೂನು."

"ಕಸ ಬಿದ್ದಿಲ್ಲ."

"ಡಾಕ್ಟರ್ ಬಾಯಾರು ಹೇಳ್ಯಾರ."

"ಡಾಕ್ಟರ್ ಬಾಯಾರು ಬಂದು ನಿನ್ನ ಹೊಟ್ಟಿಗೆ ಹಾಕತಾರೇನ? ನಮ್ಮತ್ತಿ ಕಾಲದಾಗ ಹಿಂಗ ಕರು ಬಿಟ್ಟು, ಕಸ ಒಳಗ ಕೊಳತು, ಹುಲಿಯಂಥ ಎಮ್ಮಿ ಸತ್ತೈತಿ. ನಾ ಕಣ್ಣಿಲೆ ನೋಡೇನಿ. ಒಂದು ಕಳಕೊಂಡೇನಿ ಕಮಲೀ. ನಿಂದೂ ಹೋಗೂದು ನೋಡಾಕ ನನ್ನ ಕೈಲೆ ಆಗಂಗಿಲ್ಲ."

ಅದು ಬೈಗುಳವಲ್ಲ, ಹೆದರಿಕೆ. ನೀಲವ್ವನಿಗೂ ಹೆದರಿಕೆ ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಾನು ಫೋನ್ ಮಾಡಿದೆ. ರುಬೀನಾ ಬೇರೆ ಊರಿನ ಕೊಟ್ಟಿಗೆಯಲ್ಲಿದ್ದಳು. ನನ್ನ ದನಿ ಕೇಳಿದ್ದೇ ವಿಷಯ ತಿಳಿದುಬಿಟ್ಟಿತು ಅವಳಿಗೆ. "ಫೋನ್ ದೊಡ್ಡವ್ವಾರಿಗೆ ಕೊಡ್ರಿ," ಅಂದಳು. ನೀಲವ್ವ ಫೋನನ್ನು ಕಿವಿಯಿಂದ ದೂರ ಹಿಡಿದಳು. ಹಾಗಾಗಿ ನನಗೂ ಕೇಳಿಸಿತು.

"ಕರು ಮೊಲಿ ಚೀಪಿದ್ರ ಗರ್ಭ ಬಿಗೀತದ್ರಿ ದೊಡ್ಡವ್ವಾರ. ಕಸ ಮ್ಯಾಲೆ ಏರಂಗಿಲ್ಲ, ಲಗೂ ಬೀಳಾಕ ಅನುಕೂಲ ಆಗತದ. ಬೀಳಲಿಲ್ಲಂದ್ರ ನಾ ಬಂದು ಔಷಧ ಕೊಡತೇನಿ. ಕರುವಿಗೆ ಹೋದ ಹೊತ್ತು ಮಾತ್ರ ನಾ ಬಂದ್ರೂ ತಿರುಗಿ ಬರಂಗಿಲ್ಲ."

"ನೀವು ಹೇಳಿದ ಅರಿವಿ ಹಾಲಿನ್ಯಾಗ ಐತೆಂತ ನನಗ ಹೆಂಗ ಗೊತ್ತಾಗಬೇಕ್ರಿ? ಹಾಲು ನೋಡಿದ್ರ ಹಾಲಿನಂಗ ಐತಿ. ಕಣ್ಣಿಗೆ ಕಾಣಲಾರದ್ದನ್ನ ನಂಬಿ ಎಮ್ಮಿ ಕೊಡಂತೀರೇನು?"

"ತೋರಸತೇನ್ರಿ. ಕಣ್ಣಿಗೆ ಕಾಣಂಗ ತೋರಸತೇನಿ. ಈಗ ಕುಡಸ್ರಿ."

ನೀಲವ್ವ ಫೋನ್ ನನ್ನ ಕೈಗೆ ಕೊಟ್ಟು, "ಎಮ್ಮಿ ನಿಂದು," ಅಂದಳು. ಅಷ್ಟೇ ಅಂದು ಬೆನ್ನು ತಿರುಗಿಸಿ ನಿಂತಳು.

ನಾನು ಹೋಗಿ ಕಣ್ಣಿ ಬಿಚ್ಚಿದೆ. ಕರು ಕಾಲು ಸೋತಿತ್ತು. ಅರ್ಧ ಎತ್ತಿಕೊಂಡೇ ತಂದೆ. ಕೆಚ್ಚಲಿನ ಬಳಿ ನಿಲ್ಲಿಸಿದರೆ ಅದಕ್ಕೆ ಮೊಲೆ ಸಿಗಲೊಲ್ಲದು, ನಾನು ಮೂತಿ ಹಿಡಿದು ಹಚ್ಚಿದರೆ ಬಾಯಿ ತೆರೆಯಲೊಲ್ಲದು, ಇಬ್ಬರೂ ಕೂಡಿ ತಡಕಾಡಿದೆವು. ಆಗ ನನ್ನ ಹೆಗಲ ಪಕ್ಕದಿಂದ ಒಂದು ದೊಡ್ಡ ಕೈ ಬಂತು. ಕರುವಿನ ಬಾಯೊಳಗೆ ಬೆರಳಿಟ್ಟು, ಹಾಗೇ ಮೊಲೆಗೆ ಹಚ್ಚಿತು. "ಅತ್ತಾಗ ಸರಿ. ಕೂಸು ಹಡದಾಕಿ, ಹಾಲು ಕುಡಿಸಾಕ ಬರಂಗಿಲ್ಲ," ಅಂದಳು ನೀಲವ್ವ. ಎಷ್ಟು ದಿನಗಳ ಮೇಲೆ ಬೈದಳು! ಕರು ಒಮ್ಮೆ ಚೀಪಿತು, ನಿಂತಿತು, ಆಮೇಲೆ ಬಾಲ ಅಲ್ಲಾಡಿಸುತ್ತ ಗುಟುಕು ಗುಟುಕು ಕುಡಿಯಿತು. ಮೊದಲ ಹಾಲು ಗಟ್ಟಿ, ಹಳದಿ. ಅದರ ತುಟಿಯ ಅಂಚಿನಲ್ಲಿ ಬೆಣ್ಣೆಯಂತೆ ನಿಂತಿತ್ತು.

ಆಮೇಲೆ ನಾವಿಬ್ಬರೂ ಎಮ್ಮೆಯ ಹಿಂದೆ ಗೋಣಿ ಹಾಸಿಕೊಂಡು ಕುಳಿತೆವು, ಪರೀಕ್ಷೆಯ ಫಲ ಕಾಯುವವರ ಹಾಗೆ. ದೀಪ ಹಚ್ಚುವ ಹೊತ್ತಿಗೆ ಕಸ ಬಿತ್ತು. ಪೂರ್ತಿಯಾಗಿ ಬಿತ್ತು. ನೀಲವ್ವ ಅದನ್ನು ಕೋಲಿನಿಂದ ಬಿಡಿಸಿ, ಹರಿದಿಲ್ಲವೆಂದು ನೋಡಿ, "ಶಿವನೇ" ಎಂದು ಉಸಿರು ಬಿಟ್ಟಳು.

ಎಮ್ಮೆ ಉಳಿಯಿತು. ಆದರೆ ಕರುವಿನದು ಇನ್ನೂ ಗೊತ್ತಿರಲಿಲ್ಲ. ಮುಂಜಾನೆಯಿಂದ ಮಧ್ಯಾಹ್ನದವರೆಗಿನ ಹೊತ್ತು ಹೋಗಿತ್ತಲ್ಲ, ಬಾಗಿಲು ಆಗಲೇ ಮುಚ್ಚಿದ್ದರೆ? ಕರುವಿನ ಮೈ ಮುಟ್ಟಿದಾಗೊಮ್ಮೆ ಬಿಸಿ ಅನಿಸುತ್ತಿತ್ತು. ನೀಲವ್ವ ಬಂದು ಮುಟ್ಟಿ, "ನಿನ್ನ ಕೈ ತಣ್ಣಗಿದ್ರ ಎಲ್ಲಾರೂ ಬಿಸೀನ," ಎಂದು ಹೋಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವಳೇ ಮತ್ತೆ ಬಂದು ಮುಟ್ಟುತ್ತಿದ್ದಳು.

ರುಬೀನಾ ಬಂದು ಕರುವಿನ ಕುತ್ತಿಗೆಯಿಂದ ಒಂದಿಷ್ಟು ರಕ್ತ ತೆಗೆದುಕೊಂಡು ಹೋದಳು. ಮರುದಿನ ಬಂದಾಗ ಅವಳ ಚೀಲದಲ್ಲಿ ಸಣ್ಣ ಗಾಜಿನ ನಳಿಕೆಗಳಿದ್ದವು. ಒಂದರಲ್ಲಿ ರಕ್ತ ಹೆಪ್ಪುಗಟ್ಟಿದ ಮೇಲೆ ಬಿಟ್ಟ ತಿಳಿ, ತೆಳು ಹಳದಿ. ಇನ್ನೆರಡರಲ್ಲಿ ನೀರಿನಂಥ ದ್ರಾವಣ. ದವಾಖಾನೆಯಲ್ಲೇ ಮಾಡಿ ಮುಗಿಸಬಹುದಾಗಿದ್ದ ಪರೀಕ್ಷೆ ಅದು. ನೀಲವ್ವನಿಗೆ ಕೊಟ್ಟ ಮಾತಿಗಾಗಿ ಕೊಟ್ಟಿಗೆಗೆ ತಂದಿದ್ದಳು.

"ಇವು ಎರಡೂ ನೀರಿನಂಗ ತಿಳಿ ಅದಾವು, ನೋಡಿಕೋರಿ. ಒಂದಕ್ಕ ಮುಟ್ಟಂಗಿಲ್ಲ. ಇನ್ನೊಂದಕ್ಕ ಕರುವಿನ ರಕ್ತದ ತಿಳಿ ಹಾಕತೇನಿ. ತಾಯಿ ಕೊಟ್ಟದ್ದು ಕರುವಿನ ಮೈಯಾಗ ಹೋಗಿದ್ರ ಇದು ಮಬ್ಬಾಗತದ. ಹೋಗಿರಲಿಲ್ಲಂದ್ರ ಹಿಂಗ ತಿಳಿ ಉಳೀತದ."

ಹನಿ ಹಾಕಿ, ನಳಿಕೆಯನ್ನು ನನ್ನ ಕೈಗೇ ಕೊಟ್ಟಳು. "ಸ್ವಲ್ಪ ಹೊತ್ತು ಬೇಕ್ರಿ. ಅಲ್ಲಾಡಸಬ್ಯಾಡ್ರಿ."

ನಾನು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಕುಳಿತೆ. ಎದುರಿಗೆ ನೀಲವ್ವ ಕುಕ್ಕರುಗಾಲಲ್ಲಿ ಕುಳಿತಳು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಗಾಜನ್ನು. ಗಾಜಿನ ಆಚೆ ಅವಳ ಮೂಗುಬೊಟ್ಟಿನ ಕೆಂಪು ಸ್ಪಷ್ಟವಾಗಿ ಕಾಣುತ್ತಿತ್ತು. ಕರು ನನ್ನ ಮೊಳಕಾಲಿಗೆ ಹಣೆಯಿಂದ ಹಾಯುತ್ತಿತ್ತು. ತಗಡಿನ ಮೇಲೆ ಮಳೆ. ರುಬೀನಾ ಚಹಾ ಕುಡಿಯುತ್ತ ಕುಳಿತಿದ್ದಳು. ಅವಳ ಲೋಟ ಬರಿದಾದರೂ ಅವಳು ಅದನ್ನು ಕೆಳಗಿಡಲಿಲ್ಲ. ಅವಳಿಗೂ ಗೊತ್ತಿರಲಿಲ್ಲ ಏನಾಗುತ್ತದೆಂದು.

ಏನೂ ಆಗಲಿಲ್ಲ. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಆ ಕೆಂಪು ಹರಳಿನ ಅಂಚು ಮಸುಕಾದಂತೆ ಕಂಡಿತು. ನನ್ನ ಕಣ್ಣೇ ಮಂಜಾಯಿತೇನೋ ಎಂದು ಸೆರಗಿನಿಂದ ಒರೆಸಿಕೊಂಡೆ. ಕಣ್ಣಲ್ಲ. ನಳಿಕೆಯೊಳಗೆ ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬು ಕಟ್ಟುತ್ತಿತ್ತು, ನಿಧಾನಕ್ಕೆ ದಟ್ಟವಾಗುತ್ತಿತ್ತು.

"ಏನಾತೇ?" ಅಂದಳು ನೀಲವ್ವ. "ಬಾಯಿ ಬಿಡ ಕಮಲೀ, ಏನಾತು?"

ಗಾಜಿನ ಆಚೆ ಈಗ ಹರಳೂ ಇಲ್ಲ, ಬರೀ ಬಿಳುಪು.

"ಅಕ್ಕಾ," ಅಂದೆ, "ನೀ ಕಾಣವಲ್ಲಿ."